ತಾಳೆಯಾದ ಲೆಕ್ಕ

ಹೊರಡುವುದಕ್ಕೆ ಎರಡು ದಿನ ಮೊದಲು ತಿಪಟೂರಿನ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಅಪ್ಪನಿಗೆ ನನ್ನ ಎಕ್ಸೆಲ್ ಹಾಳೆ ತೋರಿಸಿದೆ. ಆರು ದೇಶ, 31 ಊರು, ನೂರು ದಿನ. ಊರಿಗೊಂದು ಸಾಲು. ಒಂದೊಂದು ಸಾಲಿನಲ್ಲೂ ಹಾಸಿಗೆ ಬಾಡಿಗೆ, ಊಟ, ಬಸ್ಸು, ನೋಡುವ ಜಾಗದ ಟಿಕೆಟ್ಟು, ಕಾಫಿ. ಎಲ್ಲಕ್ಕಿಂತ ಕೆಳಗೆ ಒಟ್ಟು ಮೊತ್ತದ ಚೌಕ. ಮೊತ್ತ ಮಿತಿಯೊಳಗಿದ್ದರೆ ಹಸಿರು, ಮೀರಿದರೆ ಕೆಂಪು. ಅವತ್ತು ಹಸಿರಾಗಿತ್ತು.

ಅಪ್ಪ ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದವನು. ಈಗಲೂ ರಾತ್ರಿ ಊಟವಾದ ಮೇಲೆ ಕಿರ್ದಿ ಪುಸ್ತಕ ಬರೆಯದೆ ಮಲಗುವುದಿಲ್ಲ. ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, "ಎಷ್ಟು ಸಲ ತಿದ್ದಿದೀಯ ಇದನ್ನ?" ಅಂದ.

"ಇಪ್ಪತ್ತು ಸಲನಾದ್ರೂ ಆಗಿರುತ್ತೆ," ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ತಿದ್ದಿದ್ಮೇಲೆ ತಾಳೆ ಆಯ್ತೋ, ತಾಳೆ ಆಗೋವರೆಗೂ ತಿದ್ದಿದ್ಯೋ?"

ಆಗ ನನಗೆ ಅರ್ಥವಾಗಲಿಲ್ಲ ಎಂದು ಬರೆದರೆ ಸುಳ್ಳಾದೀತು. ಚೆನ್ನಾಗಿಯೇ ಅರ್ಥವಾಗಿತ್ತು. ಆ ಹಾಳೆಯಲ್ಲಿ 'ಆಪತ್ತಿಗೆ' ಎಂದೊಂದು ಸಾಲಿತ್ತು. ಶುರುವಿನಲ್ಲಿ ಅದರ ಮುಂದೆ 40,000 ರೂಪಾಯಿ ಬರೆದಿದ್ದೆ. ಪ್ರವಾಸ ಮೊದಲು ತೊಂಬತ್ತು ದಿನದ್ದು. ದಿನಕ್ಕೆ 1,800ರ ಲೆಕ್ಕ. ನೂರು ಎಂದರೆ ಹೇಳಿಕೊಳ್ಳುವುದಕ್ಕೆ ಚೆನ್ನ ಅನ್ನಿಸಿ ಹತ್ತು ದಿನ ಸೇರಿಸಿದೆ, ಚೌಕ ಕೆಂಪಾಯಿತು, ಆಪತ್ತಿನಿಂದ 18,000 ತೆಗೆದೆ, ಹಸಿರಾಯಿತು. ಚೀಲ, ಬೂಟು, ಮಳೆ ಅಂಗಿಗೆ 14,500. ವಿಮೆ ಮತ್ತು ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ 5,500. ವಿಮೆಯೂ ನೂರು ದಿನಕ್ಕೆ ದುಬಾರಿಯೆಂದು 45 ದಿನಕ್ಕಷ್ಟೇ ಮಾಡಿಸಿದ್ದು. ಉಳಿದ 2,000 ಪವರ್ ಬ್ಯಾಂಕಿಗೆ. ಹೀಗೆ ಆಪತ್ತು ಬರುವ ಮೊದಲೇ ಆಪತ್ತಿನ ದುಡ್ಡು ಸೊನ್ನೆಯಾಗಿತ್ತು. ಆ ಸಾಲು ಕಣ್ಣಿಗೆ ಬೀಳದಿರಲಿ ಎಂದು ಅಡಗಿಸಿಟ್ಟಿದ್ದೆ. ಎಕ್ಸೆಲ್‌ನಲ್ಲಿ ಅದಕ್ಕೂ ಒಂದು ಗುಂಡಿ ಇದೆ.

2024ರ ಫೆಬ್ರುವರಿ 20ರಂದು ಬೆಂಗಳೂರಿನಿಂದ ಬ್ಯಾಂಕಾಕಿಗೆ ಹಾರಿದೆ. ಕೈಯಲ್ಲಿ 1,80,000 ರೂಪಾಯಿ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ, ಮಲೇಷಿಯಾ, ಇಂಡೋನೇಷಿಯಾ ಎಲ್ಲ ಅಷ್ಟರಲ್ಲೇ. ವೀಸಾ, ವಿಮಾನ ಸೇರಿ. ಥಾಯ್ಲೆಂಡ್ ಅದಾಗಲೇ ನಮ್ಮ ಪಾಸ್‌ಪೋರ್ಟಿಗೆ 30 ದಿನ ವೀಸಾ ಇಲ್ಲದೆ ಬಾಗಿಲು ತೆಗೆದಿತ್ತು. ಅದೊಂದು ಮೊದಲೇ ಸಿಕ್ಕ ಲಾಭ ಅಂದುಕೊಂಡು ಬೀಗಿದೆ.

ಲಾಭ ಕರಗಿದ್ದು ಏಟಿಎಂನಲ್ಲಿ. ಹೊರಗಿನ ಕಾರ್ಡು ತೂರಿಸಿದರೆ ಥಾಯ್ಲೆಂಡಿನ ಯಂತ್ರ ಆಗ ಪ್ರತಿ ಸಲವೂ 220 ಬಾತ್ ಶುಲ್ಕ ಕೀಳುತ್ತಿತ್ತು. ಸಾವಿರ ತೆಗೆದರೂ ಅಷ್ಟೇ, ಇಪ್ಪತ್ತು ಸಾವಿರ ತೆಗೆದರೂ ಅಷ್ಟೇ. ಇದು ಗೊತ್ತಿಲ್ಲದೆ ಅಲ್ಲ. ಆದರೂ ಡಾರ್ಮಿಟರಿಯಲ್ಲಿ ಹತ್ತು ಜನರ ನಡುವೆ ಮಲಗುವವನು ಜೇಬಿನಲ್ಲಿ ಹೆಚ್ಚು ದುಡ್ಡು ಇಟ್ಟುಕೊಳ್ಳಬಾರದೆಂಬ ಅತಿ ಜಾಣತನದಿಂದ ಮೂರು ಸಾವಿರ ಬಾತ್‌ನಂತೆ ಏಳು ಸಲ ತೆಗೆದೆ. 1,540 ಬಾತ್, ಅಂದರೆ ಮೂರೂವರೆ ಸಾವಿರ ರೂಪಾಯಿ ಯಂತ್ರದ ಬಾಯಿಗೆ. ನಮ್ಮ ಬ್ಯಾಂಕು ವಿನಿಮಯಕ್ಕೆಂದು ಹಿಡಿದ ಶೇಕಡಾ ಮೂರೂವರೆ ಬೇರೆ. ಅದೇ ದಿನಗಳಲ್ಲಿ ಹತ್ತು ಬಾತ್ ಉಳಿಸಲು ದೋಣಿ ಬಿಟ್ಟು ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ನಾಲ್ಕು ಕಿಲೋಮೀಟರ್ ನಡೆದಿದ್ದೇನೆ.

ಚಿಯಾಂಗ್ ಮಾಯ್‌ಗೆ ಹನ್ನೆರಡು ರಾತ್ರಿ ಇಟ್ಟಿದ್ದೆ. ಮೊದಲೇ ಪೂರ್ತಿ ಕಟ್ಟಿದರೆ ರಿಯಾಯಿತಿ, ವಾಪಸು ಮಾತ್ರ ಇಲ್ಲ. ಕಟ್ಟಿದೆ. ಉತ್ತರ ಥಾಯ್ಲೆಂಡಿನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಜೋಳದ ಕೂಳೆ ಸುಡುತ್ತಾರೆ, ಕಾಡಿಗೂ ಬೆಂಕಿ ಬೀಳುತ್ತದೆ. ಸುತ್ತ ಬೆಟ್ಟ, ನಡುವೆ ಬೋಗುಣಿಯಂಥ ಕಣಿವೆ. ಹೊಗೆ ಏರಿ ಹೋಗಲು ದಾರಿಯಿಲ್ಲ. ಮಾರ್ಚಿನ ಕೆಲವು ದಿನ ಜಗತ್ತಿನ ಅತ್ಯಂತ ಕೊಳಕು ಗಾಳಿಯ ನಗರಗಳ ಪಟ್ಟಿಯಲ್ಲಿ ಈ ಊರು ತುದಿಗೆ ಬಂದು ನಿಲ್ಲುತ್ತದೆ. ಊರಿನ ನೆತ್ತಿಯ ಮೇಲೇ ಇರುವ ದೋಯ್ ಸುತೇಪ್ ಬೆಟ್ಟ ನನಗೆ ಕಾಣಿಸಿದ್ದು ಹಾಸ್ಟೆಲಿನ ಗೋಡೆಯ ಚಿತ್ರದಲ್ಲಿ ಮಾತ್ರ. ಏಳನೇ ರಾತ್ರಿಗೆ ಗಂಟಲು ಕಟ್ಟಿ, ಉಳಿದ ಐದು ರಾತ್ರಿಯ ಬಾಡಿಗೆ ಬಿಟ್ಟು ಹೊರಟೆ. ನನ್ನ ಹಾಳೆಯಲ್ಲಿ ಹವಾಮಾನಕ್ಕೂ ಒಂದು ಕಾಲಮ್ಮಿತ್ತು, ಹೌದು. ಅದರಲ್ಲಿ 'ಬೇಸಗೆ, ಒಣಹವೆ' ಎಂದು ಬರೆದಿದ್ದೆ. ತಪ್ಪೇನಿಲ್ಲ.

ಗಡಿಯಲ್ಲಿ ನಲವತ್ತು ಡಾಲರ್ ಕೊಟ್ಟು ಲಾವೋಸ್ ವೀಸಾ ಪಡೆದು, ಹುವಾಯ್ ಸಾಯ್‌ನಿಂದ ಮೆಕಾಂಗ್ ನದಿಯ ನಿಧಾನ ದೋಣಿ ಹತ್ತಿದೆ. ಎರಡು ದಿನದ ಪಯಣ. ರಾತ್ರಿ ಪಾಕ್‌ಬೆಂಗ್ ಎಂಬ ದಡದೂರಿನಲ್ಲಿ ತಂಗು. ದೋಣಿಯಲ್ಲಿ ಹಳೆಯ ವ್ಯಾನುಗಳ ಸೀಟು ಕಿತ್ತು ತಂದು ಜೋಡಿಸಿದ್ದರು. ಇಡೀ ಪ್ರವಾಸದಲ್ಲಿ ನಾನು ಹಾಳೆ ತೆರೆಯದ ಎರಡೇ ದಿನ ಅವು. ನದಿಯ ಮೇಲೆ ಸಿಗ್ನಲ್ ಇರಲಿಲ್ಲ.

ಲುವಾಂಗ್ ಪ್ರಬಾಂಗಿನಲ್ಲಿ ಇಳಿದು ಸಿಗ್ನಲ್ ಬಂದ ಮೇಲೆ ವಿಯೆಟ್ನಾಂ ಇ-ವೀಸಾ ತೆಗೆದು ನೋಡಿದೆ. ಬೆಂಗಳೂರಿನಲ್ಲೇ 25 ಡಾಲರ್ ಕಟ್ಟಿ ಪಡೆದಿದ್ದೆ. ಆ ಅರ್ಜಿಯಲ್ಲಿ ಯಾವ ದ್ವಾರದಿಂದ ದೇಶದೊಳಗೆ ಬರುತ್ತೀರಿ ಎಂದು ಕೇಳುತ್ತಾರೆ. ಪಟ್ಟಿಯಲ್ಲಿ ಕಂಡ ಹನೋಯ್‌ನ ನೋಯ್ ಬಾಯ್ ವಿಮಾನ ನಿಲ್ದಾಣವನ್ನು ಒತ್ತಿ ಮುಂದೆ ಹೋಗಿದ್ದೆ. ಎಕ್ಸೆಲ್ ಹಾಳೆಯಲ್ಲಿದ್ದದ್ದು ಮಾತ್ರ ಬೆಟ್ಟ ಹತ್ತಿಳಿದು ಗಡಿ ದಾಟುವ, ಒಂದು ಹಗಲು ಒಂದು ರಾತ್ರಿಯ ಬಸ್ಸು. ಅರ್ಜಿಯಲ್ಲಿ ಬರೆದ ದ್ವಾರ ಬಿಟ್ಟು ಬೇರೆ ಕಡೆ ಹೋದರೆ ವಾಪಸು ಕಳಿಸುತ್ತಾರೆ. ಬಸ್ಸಿನ ಟಿಕೆಟ್ ಮಾರುವ ಹುಡುಗನೇ ವೀಸಾ ಹಾಳೆ ನೋಡಿ, ತಲೆ ಅಲ್ಲಾಡಿಸಿ, ಆಕಾಶದ ಕಡೆ ಬೆರಳು ತೋರಿಸಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ತಪ್ಪು ಯಾರು ಬೇಕಾದರೂ ಮಾಡಬಹುದಾದದ್ದು. ನನ್ನದೇ ಆದ ತಪ್ಪು ಅದರ ನಂತರದ್ದು. ಇನ್ನೊಂದು ಅರ್ಜಿ ಹಾಕಿದ್ದರೆ ಮತ್ತೆ 25 ಡಾಲರ್, ಅಂದರೆ ಸುಮಾರು 2,100 ರೂಪಾಯಿ. ಬರುವವರೆಗೆ ಮೂರೋ ನಾಲ್ಕೋ ದಿನ ಅಲ್ಲೇ ಇರಬೇಕು. ಇರುವುದಾದರೂ ಎಲ್ಲಿ? ಎರಡು ನದಿಗಳ ನಡುವಿನ, ಯುನೆಸ್ಕೋ ಪಾರಂಪರಿಕ ಪಟ್ಟಿಯಲ್ಲಿರುವ, ಬೆಳಗಿನ ಜಾವ ಸಾಲುಸಾಲು ಬೌದ್ಧ ಭಿಕ್ಷುಗಳು ಭಿಕ್ಷೆಗೆ ಬರುವ ಊರಿನಲ್ಲಿ. ಹಾಸಿಗೆಗೆ ದಿನಕ್ಕೆ 600 ರೂಪಾಯಿ. ಆದರೆ ಹಾಳೆ ಹೇಳುತ್ತಿತ್ತು: ಮಾರ್ಚ್ 17, ಹನೋಯ್. ಒಂದು ಗಂಟೆಯ ವಿಮಾನಕ್ಕೆ 13,200 ರೂಪಾಯಿ ಕೊಟ್ಟು ಹಾರಿದೆ. ನೂರು ದಿನ ಇಟ್ಟುಕೊಂಡು ಹೊರಟವನ ಹತ್ತಿರ ಮೂರು ದಿನ ಇರಲಿಲ್ಲ.

ಹಾರುವ ಹಿಂದಿನ ಸಂಜೆ ಅಲ್ಲಿನ ರಾತ್ರಿ ಸಂತೆಯಲ್ಲಿ ಮೋಂಗ್ ಬುಡಕಟ್ಟಿನ ಒಬ್ಬ ಅಜ್ಜಿ ಕೈಯಾರೆ ಹೊಲಿದ ಪುಟ್ಟ ಚೀಲಗಳನ್ನು ಹರಡಿಕೊಂಡು ಕೂತಿದ್ದಳು. ತಂಗಿಗೊಂದು ಕೊಳ್ಳೋಣವೆಂದು ಚೌಕಾಸಿಗಿಳಿದೆ. ಕ್ಯಾಲ್ಕುಲೇಟರ್ ಅವಳ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಅವಳ ಕೈಗೆ ಐದಾರು ಸಲ ಓಡಾಡಿತು. ಕೊನೆಗೆ ಇಪ್ಪತ್ತು ಸಾವಿರ ಕಿಪ್‌ಗೆ ಹಟ ಹಿಡಿದು, ಕೊಳ್ಳದೆ ಎದ್ದು ಬಂದೆ. ಇಪ್ಪತ್ತು ಸಾವಿರ ಕಿಪ್ ಎಂದರೆ ಎಂಬತ್ತು ರೂಪಾಯಿ. ಅಡಿಕೆಗೆ ಹೋದ ಮಾನ ಎನ್ನುತ್ತಾರಲ್ಲ, ಅದು. ಅದೇ ಹೊತ್ತಿಗೆ ನನ್ನ ಜೇಬಿನಲ್ಲಿ 4,25,000 ಕಿಪ್ ಇತ್ತು. ಥಾಯ್ಲೆಂಡಿನಲ್ಲಿ ಪೆಟ್ಟು ತಿಂದ ಮೇಲೆ ಲಾವೋಸಿನಲ್ಲಿ ಒಂದೇ ಸಲಕ್ಕೆ ಹೆಚ್ಚು ಹಣ ತೆಗೆದಿದ್ದೆ. ಬಸ್ಸಿಗೆ, ದಾರಿಯ ಊಟಕ್ಕೆ ಬೇಕಾಗುತ್ತದೆಂದು ಇಟ್ಟಿದ್ದೆ. ವಿಮಾನದ ಟಿಕೆಟ್ಟನ್ನು ಕಾರ್ಡಿನಲ್ಲಿ ಕೊಂಡದ್ದರಿಂದ ಅಷ್ಟೂ ಹಾಗೇ ಉಳಿಯಿತು. ಬೆಳಿಗ್ಗೆ ವಿಮಾನ ನಿಲ್ದಾಣದ ವಿನಿಮಯ ಕಿಟಕಿ ಇನ್ನೂ ತೆರೆದಿರಲಿಲ್ಲ. ಹನೋಯ್‌ನಲ್ಲಿ ಬದಲಿಸಿದರಾಯಿತು ಎಂದುಕೊಂಡೆ. ಲಾವೋಸಿನ ಹೊರಗೆ ಕಿಪ್ ಯಾರಿಗೂ ಬೇಡ.

ವಿಯೆಟ್ನಾಂನ ಉತ್ತರ ತುದಿಯ ಹಾ ಜಾಂಗ್ ಬೆಟ್ಟಸಾಲನ್ನು ಬೈಕಿನಲ್ಲಿ ಸುತ್ತಬೇಕೆಂಬುದು ನನ್ನ ಬಹುದಿನದ ಆಸೆ. ಅದಕ್ಕಾಗಿಯೇ ಆರ್‌ಟಿಓ ಕಚೇರಿಗೆ ಅಲೆದು ಪರವಾನಗಿ ಮಾಡಿಸಿದ್ದು. ಬೈಕ್ ಬಾಡಿಗೆಗೆ ಕೊಡುವವನು ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಭಾರತ ಕೊಡುವುದು 1949ರ ಜಿನೀವಾ ಒಪ್ಪಂದದ ಪರವಾನಗಿ. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದು. ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ವಿಮೆಯೂ ಬರುವುದಿಲ್ಲ. ಎಷ್ಟೋ ಜನ ಹಾಗೇ ಓಡಿಸುತ್ತಾರೆ, ಪೊಲೀಸರು ಹಿಡಿದರೆ ದಂಡ ಕಟ್ಟುತ್ತಾರೆ. ನನಗೆ ಧೈರ್ಯ ಸಾಲಲಿಲ್ಲ. ಓಡಿಸುವವನ ಹಿಂದೆ ಕೂತು ಹೋಗುವ ಮೂರು ದಿನದ ಸುತ್ತಿಗೆ 45 ಲಕ್ಷ ಡಾಂಗ್ ಕೊಟ್ಟೆ, ಸುಮಾರು 15,000 ರೂಪಾಯಿ. ಈ ಖರ್ಚಿನ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಮಾ ಪಿ ಲೆಂಗ್ ಘಾಟಿಯ ತುದಿಯಲ್ಲಿ ನಿಂತು ಪಾತಾಳದಲ್ಲಿ ಹರಿಯುವ ನ್ಯೋ ಕ್ವೆ ನದಿಯ ಹಸಿರು ನೋಡಿದವನಿಗೆ ಪಶ್ಚಾತ್ತಾಪ ಇರಕೂಡದು. ಆದರೆ ಅದು ಹಾಳೆಯಲ್ಲಿ 4,000 ಎಂದಿತ್ತು.

ಅಲ್ಲಿಂದ ದಕ್ಷಿಣಕ್ಕೆ. ಹನೋಯ್‌ನಿಂದ ಹೋ ಚಿ ಮಿನ್ ನಗರಕ್ಕೆ 1,726 ಕಿಲೋಮೀಟರಿನ ರೈಲುದಾರಿ ಇದೆ, ಚೆಂದದ ದಾರಿ. ಬಸ್ಸು ಅದಕ್ಕಿಂತ ಅಗ್ಗವೆಂದು ರಾತ್ರಿಯ ಸ್ಲೀಪರ್ ಹಿಡಿದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂಬ ಮಾತನ್ನು ವಿಯೆಟ್ನಾಮಿನ ಸ್ಲೀಪರ್ ಬಸ್ಸುಗಳು ಅಕ್ಷರಶಃ ಪಾಲಿಸುತ್ತವೆ. ಮುಂದಿನವನ ತಲೆಯಡಿಯ ಪೆಟ್ಟಿಗೆಯೊಳಗೆ ನಮ್ಮ ಪಾದ ತೂರಿಸಬೇಕು. ಆರಡಿಯ ನಾನು ಹುವೆ ತಲುಪುವ ಹೊತ್ತಿಗೆ ಮಡಚಿದ ಕೊಡೆಯಂತಾಗಿದ್ದೆ. ಹಾಗೆ ನಿದ್ದೆಗೆಟ್ಟು ಇಳಿದ ಪ್ರತಿ ಬೆಳಗ್ಗೆಯೂ, ಕೋಣೆ ಕೊಡುವ ಹೊತ್ತಿನವರೆಗೆ ಕಾಯಲಾರದೆ ಅರ್ಧ ದಿನದ ಬಾಡಿಗೆ ಹೆಚ್ಚಿಗೆ ಕೊಟ್ಟಿದ್ದೇನೆ. ಅದು ರೈಲಿಗೂ ಬಸ್ಸಿಗೂ ಇದ್ದ ವ್ಯತ್ಯಾಸಕ್ಕಿಂತ ಹೆಚ್ಚೇ.

ಮಾರ್ಚ್ 30, ಶನಿವಾರ, ದಾ ನಾಂಗ್. ಮಧ್ಯಾಹ್ನ ಒಂದು ಏಟಿಎಂ ನನ್ನ ಕಾರ್ಡು ನುಂಗಿತು. ಬ್ಯಾಂಕು ತೆರೆಯುವುದು ಸೋಮವಾರ. ಕಾವಲುಗಾರ ಕೈಸನ್ನೆಯಲ್ಲಿ ಎರಡು ಬೆರಳು ತೋರಿಸಿ, ಕೈಗಡಿಯಾರ ಮುಟ್ಟಿ, ಬಾ ಎಂದ. ಎರಡು ದಿನ ಕಾದಿದ್ದರೆ ಬಹುಶಃ ಕೊಡುತ್ತಿದ್ದರು. ನನ್ನ ಬಸ್ಸು ಅಂದು ರಾತ್ರಿಯದು. ಹಾಳೆ ತೆರೆದು ನೋಡಿದೆ. ಮುಂದೇನು ಮಾಡಿದೆ ಎಂದು ಮತ್ತೆ ಹೇಳಬೇಕೆ?

ಹೊರಟಾಗ ಒಂದೇ ಕಾರ್ಡು ಒಯ್ದಿದ್ದೆ. ಎರಡನೆಯದಕ್ಕೆ ವರ್ಷಕ್ಕೆ 500 ಶುಲ್ಕವೆಂದು ಮರಳಿಸಿಬಿಟ್ಟಿದ್ದೆ. ಹೊಸ ಕಾರ್ಡನ್ನು ಬ್ಯಾಂಕಿನವರು ಕಳಿಸುವುದು ತಿಪಟೂರಿನ ವಿಳಾಸಕ್ಕೆ ಮಾತ್ರ. ಫೋನಿನಿಂದ ಹಣ ಕಳಿಸೋಣವೆಂದರೆ ಊರಿನ ಸಿಮ್ಮಿಗೆ ರೀಚಾರ್ಜ್ ಮಾಡದೆ ಅದು ಸತ್ತು ವಾರವಾಗಿತ್ತು. ಓಟಿಪಿ ಎಲ್ಲಿಂದ ಬರಬೇಕು? ಮೈಸೂರಿನಲ್ಲಿ ಶಾಲೆ ಮೇಡಮ್ಮಾಗಿರುವ ತಂಗಿಗೆ ಹಾಸ್ಟೆಲಿನ ವೈಫೈನಿಂದ ಕರೆ ಮಾಡಿದೆ. ದುಡ್ಡು ಕಳಿಸುವ ಅಂಗಡಿಗೆ ಹೋಗಿ ಕೇಳಿಬಂದವಳು, "ಅಣ್ಣ, ಅವರ ಹತ್ರ ಹೊರಗಿಂದ ಇಲ್ಲಿಗೆ ಬರೋದಷ್ಟೇ ಅಂತೆ. ಇಲ್ಲಿಂದ ಅಲ್ಲಿಗೆ ಕಳ್ಸೋ ಹಾಗಿಲ್ವಂತೆ," ಎಂದಳು. ನಿಜ. ಆ ಬಗೆಯ ಕೌಂಟರುಗಳಲ್ಲಿ ಭಾರತಕ್ಕೆ ಹಣ ಬರಬಹುದು, ಭಾರತದಿಂದ ಹೋಗುವಂತಿಲ್ಲ. ಬ್ಯಾಂಕಿನಿಂದ ಕಳಿಸಲು ಅಲ್ಲಿ ನನ್ನದೊಂದು ಖಾತೆ ಇರಬೇಕು.

ನಮ್ಮಿಬ್ಬರ ಮಾತು ಕೇಳಿಸಿಕೊಂಡು ಮೇಲಿನ ಬಂಕಿನಿಂದ ಒಂದು ತಲೆ ಕೆಳಗೆ ಬಾಗಿತು. "ಅಣ್ಣಾರ, ಎಷ್ಟ್ ರೊಕ್ಕ ಬೇಕಾಗಿತ್ರಿ?" ಹುಬ್ಬಳ್ಳಿಯ ಹುಡುಗ. ಎರಡು ರಾತ್ರಿ ಒಂದೇ ಕೋಣೆಯಲ್ಲಿದ್ದರೂ ಇಬ್ಬರೂ ಹರಕು ಇಂಗ್ಲಿಷಿನಲ್ಲಿ 'ಹಲೋ' ಅಂದುಕೊಂಡಿದ್ದೆವು. ತಂಗಿ ಅವನಿಗೆ ಫೋನಿನಲ್ಲಿ 25,000 ರೂಪಾಯಿ ಹಾಕಿದಳು. ಅವನು ಸುಮಾರು 74 ಲಕ್ಷ ಡಾಂಗ್ ಎಣಿಸಿ ಕೊಟ್ಟ. ಎಣಿಸುತ್ತ, "ನೀವು ಎಷ್ಟ್ ದಿನಕ್ಕ ಬಂದೀರ್ರಿ?" ಎಂದು ಕೇಳಿದ. ನೂರು ಅಂದೆ. ಅವನು ಬಂದದ್ದು ಮೂವತ್ತು ದಿನಕ್ಕೆ, ನೋಡುವುದು ನಾಲ್ಕೇ ಊರು. "ಒಂದ್ ಊರಾಗ ಒಂದ್ ವಾರ ಕುಂತ್ರ ಖರ್ಚ್ ಆಗೂದಿಲ್ರಿ. ಮಂದಿ ಗುರ್ತ್ ಹಿಡೀತಾರ. ಮೂರ್ನೇ ದಿನಕ್ಕ ಚಾದಂಗಡ್ಯಾಕಿ ರೇಟ್ ಕಮ್ಮಿ ಮಾಡ್ತಾಳ." ನನ್ನ ಎಕ್ಸೆಲ್ ಹಾಳೆಯನ್ನು ಅವನಿಗೆ ತೋರಿಸಲಿಲ್ಲ.

ಊರಿಗೆ ಬಂದ ಮೇಲೆ ಅಪ್ಪನ ಪಕ್ಕ ಕೂತು ಖರ್ಚು ಕೂಡಿಸಿದಾಗ ಆ ಹುಬ್ಬಳ್ಳಿ ಹುಡುಗನ ಮಾತು ಅಂಕಿಯಾಗಿ ಕಂಡಿತು. ನಾನು ಕಳೆದದ್ದು 52 ದಿನ. ಅದರಲ್ಲಿ ಊರು ಬದಲಿಸಿದ ದಿನಗಳು 17. ವಾಪಸು ಬಂದ ಟಿಕೆಟ್ ಬಿಟ್ಟು ಒಟ್ಟು 1,76,000 ರೂಪಾಯಿಯಲ್ಲಿ ಆ 17 ದಿನಗಳೇ ತಿಂದದ್ದು 98,000. ಬಸ್ಸು, ವಿಮಾನ, ವೀಸಾ, ನಿಲ್ದಾಣಕ್ಕೆ ಟ್ಯಾಕ್ಸಿ, ಹಸಿದು ನಿಲ್ದಾಣದಲ್ಲಿ ತಿಂದದ್ದು, ಕತ್ತಲಲ್ಲಿ ಇಳಿದು ಸಿಕ್ಕಿದ ಕೋಣೆಗೆ ಕೇಳಿದಷ್ಟು ಕೊಟ್ಟದ್ದು. ಉಳಿದ 35 ದಿನಗಳಲ್ಲಿ ಹಾ ಜಾಂಗ್ ಸುತ್ತು ಮತ್ತು ಒಂದು ಕ್ಲಿನಿಕ್ಕಿನ ಬಿಲ್ಲು ತೆಗೆದರೆ ದಿನಕ್ಕೆ ಖರ್ಚಾದದ್ದು 1,500ರ ಆಸುಪಾಸು. ಅಂದರೆ ನಾನು ಇಟ್ಟ 1,800ರ ದರ ಸರಿಯಾಗೇ ಇತ್ತು, ಕೂತ ದಿನಗಳಿಗೆ. ನಾನು ಅದನ್ನು ಓಡುವ ದಿನಗಳಿಗೂ ಹಂಚಿಬಿಟ್ಟಿದ್ದೆ. ಅಪ್ಪನ ಕಿರ್ದಿಯಲ್ಲಿ ಅಂಗಡಿಯ ದಿನದ ಖರ್ಚು ಒಂದು ಪುಟದಲ್ಲಿ, ಮಾಲು ತರಲು ತುಮಕೂರಿಗೆ ಹೋದ ದಿನದ ಖರ್ಚು ಬೇರೆ ಪುಟದಲ್ಲಿ ಇರುತ್ತದೆ. ಅದು ಯಾಕೆ ಹಾಗೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಕ್ಲಿನಿಕ್ಕಿನ ಕತೆ ಚಿಕ್ಕದು. ಏಪ್ರಿಲ್ 4ಕ್ಕೆ ವಿಮೆ ಮುಗಿಯಿತು. 6ಕ್ಕೆ ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ ಜ್ವರ, ವಾಂತಿ. ಎರಡು ಬಾಟಲಿ ಡ್ರಿಪ್ಪು, ರಕ್ತ ಪರೀಕ್ಷೆ, 110 ಡಾಲರ್. ಐವತ್ತನೇ ದಿನ, ಏಪ್ರಿಲ್ 9, ಯುಗಾದಿ. ಅಷ್ಟರಲ್ಲಿ ಸಿಯೆಮ್ ರೀಪ್‌ಗೆ ಬಂದು ಬಿದ್ದಿದ್ದೆ. ಅಮ್ಮ ವಿಡಿಯೋ ಕರೆಯಲ್ಲಿ ಬೇವು-ಬೆಲ್ಲದ ಬಟ್ಟಲು ತೋರಿಸಿದಳು. ನಾನು ಕ್ಯಾಮೆರಾದ ಮುಂದೆ ನಗುತ್ತ, ಇಲ್ಲೂ ಹೊಸ ವರ್ಷಕ್ಕೆ ತಯಾರಿ ನಡೀತಿದೆ ಎಂದೆ. ಅದೂ ನಿಜವೇ. ಕರಾವಳಿಯವರು ಬಿಸು ಆಚರಿಸುವ ದಿನಗಳಲ್ಲೇ ಖ್ಮೇರರಿಗೂ, ಲಾವೋಸಿನವರಿಗೂ, ಥಾಯ್ ಜನಕ್ಕೂ ಹೊಸ ವರ್ಷ. ಹಬ್ಬಕ್ಕೆ ಊರಿಗೆ ಹೋಗುವವರಿಂದ ಬಸ್ಸುಗಳೆಲ್ಲ ತುಂಬಿದ್ದವು, ಬಾಡಿಗೆ ಏರಿತ್ತು. ಇದೂ ನನ್ನ ಹಾಳೆಯಲ್ಲಿರಲಿಲ್ಲ. ಖಾತೆಯಲ್ಲಿ 29,000 ಇತ್ತು, ಮುಟ್ಟಲು ಕಾರ್ಡಿಲ್ಲ. ಮುಟ್ಟಿದರೂ ಇನ್ನು ಐವತ್ತು ದಿನಕ್ಕೆ ಆಗುವುದಲ್ಲ. ಕರೆ ಮುಗಿದ ಮೇಲೆ ತಂಗಿಗೆ ಒಂದು ಸಾಲು ಕಳಿಸಿದೆ: ಟಿಕೆಟ್ ಮಾಡಿಸ್ತೀಯಾ? ಅವಳು ಯಾಕೆ, ಏನು ಎಂದು ಕೇಳಲಿಲ್ಲ. ಅರ್ಧ ಗಂಟೆಯಲ್ಲಿ 21,000ದ ಟಿಕೆಟ್ ಬಂತು, ಜೊತೆಗೆ ಹಬ್ಬದ ಊಟದೆಲೆಯ ಫೋಟೋ.

ಅಂಗ್‌ಕೋರ್ ದೇವಾಲಯಗಳಿಗೆ ನಾನು 20 ಡಾಲರ್ ಇಟ್ಟಿದ್ದೆ. ಯಾರೋ ಎಂದೋ ಬರೆದದ್ದನ್ನು ನೋಡಿ ಇಳಿಸಿಕೊಂಡ ದರ ಅದು. 2017ರಿಂದ ಒಂದು ದಿನಕ್ಕೆ 37, ಮೂರು ದಿನಕ್ಕೆ 62. ಮೂರು ದಿನ ಎಂದು ಬಯಸಿದವನು ಒಂದು ದಿನದ್ದು ಕೊಂಡೆ. ಮರುದಿನದ ಚೀಟಿಯನ್ನು ಹಿಂದಿನ ಸಂಜೆ ಐದರ ಮೇಲೆ ಕೊಂಡರೆ ಆ ಸಂಜೆಯೇ ಒಳಗೆ ಬಿಡುತ್ತಾರೆ. ಇಡೀ ಪ್ರವಾಸದಲ್ಲಿ ನಾನು ಸರಿಯಾಗಿ ಹಾಕಿದ ಲೆಕ್ಕ ಅದೊಂದೇ ಇರಬೇಕು. ಚೀಟಿಯ ಮೇಲೆ ನಮ್ಮ ಭಾವಚಿತ್ರ ಮುದ್ರಿಸಿ ಕೊಡುತ್ತಾರೆ. ಜ್ವರ ಬಿಟ್ಟ, ಗಡ್ಡ ಬೆಳೆದ, ಯಾರದ್ದೋ ಮುಖ.

ವಿಮಾನ ನಿಲ್ದಾಣ ಊರ ಪಕ್ಕದಲ್ಲೇ ಎಂದುಕೊಂಡು ಕೊನೆಯ ಐದು ಡಾಲರ್ ತೆಗೆದಿಟ್ಟಿದ್ದೆ. ಪಕ್ಕದಲ್ಲಿದ್ದದ್ದು ಹಳೆಯದು. 2023ರ ಅಕ್ಟೋಬರಿನಲ್ಲಿ ತೆರೆದ ಹೊಸದು ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ. ಹಾಸ್ಟೆಲಿನಲ್ಲಿದ್ದ ಇಬ್ಬರು ಕೊರಿಯನ್ ಹುಡುಗಿಯರು ಅದೇ ಕಡೆ ಹೊರಟಿದ್ದರು. ಅವರ ಕಾರಿನ ಮುಂದಿನ ಸೀಟಿನಲ್ಲಿ ಕೂತು ಹೋದೆ. ನನ್ನ ಪಾಲು ಕೊಡಲು ಹೋದರೆ ಬೇಡ ಎಂದರು. ಆ ಅಜ್ಜಿಯ ಚೀಲ ನೆನಪಾಯಿತು.

ತಂಗಿಗೆ ಕೊಡಬೇಕಾದದ್ದು 46,000. ಖಾತೆಯಲ್ಲಿದ್ದ 29,000 ತಕ್ಷಣ ಹಾಕಿದೆ. ಉಳಿದ 17,000 ತೀರಿಸಲು ಕೆಲಸ ಸಿಕ್ಕ ಮೇಲೆ ನಾಲ್ಕು ತಿಂಗಳು ಬೇಕಾಯಿತು. ಅಪ್ಪ ಒಂದು ಮಾತೂ ಬೈಯಲಿಲ್ಲ. ಎಲ್ಲ ಕೂಡಿಸಿ ಕಳೆದ ಆ ರಾತ್ರಿ ನಾನು ಜೇಬಿನಿಂದ ಕಿಪ್ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಬೆಂಗಳೂರಿನಲ್ಲಿ ನಾಲ್ಕು ವಿನಿಮಯದ ಅಂಗಡಿ ಸುತ್ತಿ ಬಂದ ನೋಟುಗಳು. ಅಪ್ಪ ಒಂದೊಂದನ್ನೇ ದೀಪಕ್ಕೆ ಹಿಡಿದು ನೋಡಿ, ಎಣಿಸಿ, "ನಮ್ ದುಡ್ಡಲ್ಲಿ ಎಷ್ಟಾಗುತ್ತೆ?" ಅಂದ.

"ಸಾವಿರದ ಏಳ್ನೂರು. ಆದ್ರೆ ಇಲ್ಲಿ ನಡೆಯಲ್ಲ ಅಪ್ಪಾ."

ಅವನು ಕಿರ್ದಿ ಎಳೆದುಕೊಂಡ. ಊರಿನ ಬಾಕಿದಾರರ ಹೆಸರುಗಳಿರುವ ಪುಟದ ಕೊನೆಗೆ ಹೋಗಿ, ನಿಧಾನವಾಗಿ, ತನ್ನ ದುಂಡು ಅಕ್ಷರದಲ್ಲಿ ಬರೆದ: 'ಲಾವೋಸಿನಿಂದ ಬರಬೇಕಾದ್ದು — 1,700.' ಬರೆದು, ನೋಟುಗಳನ್ನು ಅದೇ ಪುಟದಲ್ಲಿಟ್ಟು ಪುಸ್ತಕ ಮುಚ್ಚಿದ.